ಅಕ್ಕ ಗುರುತು ಹಿಡಿದ ಮೀನು

ಬೆಳಿಗ್ಗೆ ಕಾಫಿ ಕಾಯಿಸುತ್ತಿರುವಾಗಲೇ ಲೂರೀನ್ ಒಂದು ಕರಾರು ಮಾಡಿಕೊಂಡಿದ್ದಳು. ಯಾರ ಜೊತೆ ಎಂದು ಅವಳಿಗೇ ಸ್ಪಷ್ಟವಿರಲಿಲ್ಲ. ದೇವರ ಜೊತೆ ಎನ್ನಲು ಧೈರ್ಯ ಸಾಲದು, ಭಾನುವಾರದ ಪ್ರಾರ್ಥನೆಗೆ ಹೋಗದೆ ಎಷ್ಟೋ ಕಾಲವಾಗಿತ್ತು. ಇವತ್ತು ಹಿನ್ನೀರಿನಲ್ಲಿ ಸಿಕ್ಕ ಮೀನುಗಳನ್ನೆಲ್ಲ ಅಕ್ಕ ಸರಿಯಾಗಿ ಗುರುತು ಹಿಡಿದರೆ ಅಕ್ಕ ಮನೆಯಲ್ಲೇ ಇರುತ್ತಾಳೆ. ಒಂದನ್ನು ತಪ್ಪು ಹೇಳಿದರೂ ಮರೆವಿನ ಮುದುಕರನ್ನು ನೋಡಿಕೊಳ್ಳುವ ಪೇಟೆಯ ಆರೈಕೆ ಮನೆಗೆ ಫೋನು ಮಾಡಿ, ಅಲ್ಲಿ ಖಾಲಿಯಾದ ಕೋಣೆ ನಮಗೇ ಇರಲಿ ಎಂದು ಹೇಳಿಬಿಡುವುದು. ಅಲ್ಲಿಯ ಹೆಂಗಸು, ಮಿಸೆಸ್ ಗೇನ್ಸ್, ಇವತ್ತು ಸಂಜೆಯೊಳಗೆ ತಿಳಿಸಬೇಕು, ಕಾಯುವವರು ಬಹಳ ಜನ ಇದ್ದಾರೆ ಎಂದಿದ್ದಳು. ಕೋಣೆ ಹೇಗೆ ಖಾಲಿಯಾಯಿತು ಎಂದು ಲೂರೀನ್ ಕೇಳಲಿಲ್ಲ, ಅಂಥ ಕಡೆ ಕೋಣೆಗಳು ಹೇಗೆ ಖಾಲಿಯಾಗುತ್ತವೆ ಎಂಬುದನ್ನು ಕೇಳಿ ತಿಳಿಯಬೇಕಾಗಿಲ್ಲ. ಕರಾರೇನೋ ನ್ಯಾಯವಾಗಿಯೇ ಇದೆ ಅನ್ನಿಸಿತು. ವರ್ಷ, ವಾರ, ಸತ್ತವರು, ಇದ್ದವರು ಎಲ್ಲ ಕಲಸಿಹೋದರೂ ಅಕ್ಕನ ತಲೆಯಲ್ಲಿ ಮೀನು ಮಾತ್ರ ಉಳಿದಿತ್ತು. ಮೀನೂ ಹೋಯಿತೆಂದರೆ ಅಲ್ಲಿ ಅಕ್ಕ ಎಂಬವಳೇ ಇಲ್ಲ ಎಂದು ಅರ್ಥ. ಹಾಗಿರುವಾಗ ಕೋಣೆಗೆ ಕಳಿಸುವುದು ಅಕ್ಕನನ್ನಲ್ಲ, ಬೇರೆ ಯಾರನ್ನೋ. ಹೀಗೆ ಯೋಚಿಸುತ್ತ ಅವಳು ಒಂದೇ ಲೋಟಕ್ಕೆ ಎರಡು ಸಲ ಸಕ್ಕರೆ ಹಾಕಿದ್ದಳು.

ಹಳೆಯ ಪಿಕಪ್ ಗಾಡಿಯಲ್ಲಿ ಪಕ್ಕಕ್ಕೆ ಕೂತ ಅಕ್ಕ, ಇಮೋಜೀನ್, ಹುಲ್ಲಿನ ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಸವರುತ್ತಿದ್ದಳು. ಲೂರೀನಳಿಗಿಂತ ಹನ್ನೆರಡು ವರ್ಷ ದೊಡ್ಡವಳು, ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ, ದೂರದಿಂದ ನೋಡಿದವರು ಇವರಿಬ್ಬರಲ್ಲಿ ಲೂರೀನಳನ್ನೇ ಹಿರಿಯಳು ಅಂದುಕೊಳ್ಳುತ್ತಿದ್ದರು. ಕಿಟಕಿಯ ಬಿಸಿಲು ಅಕ್ಕನ ತೋಳಿನ ಮೇಲೆ ಬಿದ್ದು, ಅಲ್ಲಿದ್ದ ಹಳದಿಗೆ ತಿರುಗಿದ ಕಲೆ ಕಾಣುತ್ತಿತ್ತು. ಲೂರೀನ್ ರಸ್ತೆಯ ಕಡೆ ನೋಡಿದಳು. ಪಾದ್ರಿಯ ಹೆಂಡತಿ ಕೇಳಿದಾಗ ಬಾಗಿಲು ತಗುಲಿಸಿಕೊಂಡಳು ಎಂದು ಹೇಳಿದ್ದಾಗಿತ್ತು, ಆಕೆ ಪಾಪ ನಂಬಿದ್ದೂ ಆಗಿತ್ತು. ಆ ಕಲೆಯಾದ ದಿನ ಅಕ್ಕ ಸ್ನಾನ ಒಲ್ಲೆ ಎಂದು ತೊಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, ನೀನ್ಯಾವಳೇ ಕಳ್ಳಿ, ನಮ್ಮವ್ವ ಬರಲಿ ತಾಳು ಎಂದು ಕಿರುಚಿದಾಗ, ಲೂರೀನಳ ಬೆರಳು ತಾನಾಗಿಯೇ ಆ ತೋಳಿನ ಸಡಿಲ ಚರ್ಮವನ್ನು ಹಿಡಿದು ತಿರುಚಿತ್ತು. ತಾನಾಗಿಯೇ ಏನಲ್ಲ. ಹಿಡಿದ ಮೇಲೆ ಬಿಡಲು ಬೇಕಾದಷ್ಟು ಹೊತ್ತಿತ್ತು, ಬಿಟ್ಟಿರಲಿಲ್ಲ. ಅಕ್ಕ ಸುಮ್ಮನಾಗುವ ತನಕ ಹಿಡಿದೇ ಇದ್ದಳು. ಸುಮ್ಮನಾದ ಅಕ್ಕ ನೀರಿನಲ್ಲಿ ಕೂತು ಇವಳ ಮುಖ ನೋಡಿ, ತಪ್ಪಾಯ್ತು ಮೇಡಂ, ಎಂದಿದ್ದಳು. ಬೈಗುಳಗಳನ್ನೆಲ್ಲ ಲೂರೀನ್ ಮರೆತಿದ್ದಳು, ಆ ಮೇಡಂ ಎಂಬುದನ್ನು ಮರೆಯಲು ಆಗಿರಲಿಲ್ಲ.

ದಂಡೆಗೆ ಇಳಿಯುವ ತಿರುವಿನಲ್ಲಿ ಹಾಯ್ಟನ ಅಂಗಡಿ. ಗಾಳ, ಬೆಂಡು, ಐಸು, ಗಾಳಕ್ಕೆ ಚುಚ್ಚುವ ಎರೆಹುಳ, ಚಿಮ್ಮಂಡೆ ಹುಳ, ಹಿನ್ನೀರಿಗೆ ಬರುವವರಿಗೆ ಬೇಕಾದ್ದೆಲ್ಲ ಅಲ್ಲಿತ್ತು. ಅಕ್ಕನನ್ನು ಗಾಡಿಯಲ್ಲೇ ಕೂರಿಸಿ ಬರಬೇಕೆಂದು ಲೂರೀನ್ ಅಂದುಕೊಂಡಿದ್ದಳು, ಆದರೆ ಇವಳು ಇಳಿಯುವಷ್ಟರಲ್ಲಿ ಅಕ್ಕ ಟೊಪ್ಪಿ ಹಾಕಿಕೊಂಡು ಮುಂದೆ ನಡೆದಿದ್ದಳು. ಒಳಗೆ ಹೋದವಳೇ ಗಲ್ಲಾಪೆಟ್ಟಿಗೆಯ ಹಿಂದಿದ್ದ ಹಾಯ್ಟನನ್ನು ನೋಡಿ, ನಿಮ್ಮಪ್ಪ ಎಲ್ಲೋ, ನಿನಗೆ ವ್ಯಾಪಾರ ಬರಲ್ಲ, ಅವನನ್ನು ಕರಿ ಎಂದಳು. ಹಾಯ್ಟನ ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು, ಈಗ ಹಾಯ್ಟನೇ ಮೊಮ್ಮಕ್ಕಳನ್ನು ಕಂಡ ಮುದುಕ. ಅವನು ಒಂದು ಚೂರೂ ತಬ್ಬಿಬ್ಬಾಗದೆ, ಅಪ್ಪ ದೋಣಿ ತಗೊಂಡು ಹೋಗವ್ರೆ ಮಿಸ್ ಇಮೋಜೀನ್, ಈಗ ಬಂದುಬಿಡ್ತಾರೆ ಎಂದು, ಬಲೆಯ ಡಬ್ಬಿಗೆ ಕಿರ್ರೆನ್ನುವ ಚಿಮ್ಮಂಡೆಗಳನ್ನು ಧಾರಾಳವಾಗಿ ಸುರಿದುಕೊಟ್ಟ. ಅವನಾದರೂ ನಕ್ಕಿದ್ದರೆ ಜಗಳವಾಡಬಹುದಿತ್ತು. ನಕ್ಕವರು ಐಸಿನ ಪೆಟ್ಟಿಗೆಯ ಹತ್ತಿರ ನಿಂತಿದ್ದ ಇಬ್ಬರು, ಯಾವುದೋ ಊರಿನವರು, ಅವರ ಜೊತೆ ಏನು ಜಗಳ. ಲೂರೀನ್ ಕೂಡ ಅವರ ಕಡೆ ತಿರುಗಿ ಸಣ್ಣಗೆ ನಕ್ಕುಬಿಟ್ಟಳು. ಯಾಕೆ ನಕ್ಕೆ ಎಂದು ಆಮೇಲೆ ದಂಡೆಯವರೆಗೂ ತನ್ನನ್ನೇ ಬೈದುಕೊಂಡಳು. ನಾನು ಅವಳ ಹಾಗಲ್ಲ, ನಾನು ನಿಮ್ಮ ಕಡೆ ಎಂದು ಹೇಳುವ ನಗೆ ಅದು.

ಮೇ ತಿಂಗಳ ನೀರು ಬೆಚ್ಚಗಾಗಿತ್ತು. ಗಾಳದ ಕೋಲು, ಕೂರಲು ಎರಡು ಬಕೆಟ್ಟು ಹೊತ್ತು ಲೂರೀನ್ ಹಿಂದೆ, ಕೈಬೀಸಿಕೊಂಡು ಅಕ್ಕ ಮುಂದೆ. ಒಂದು ಕಡೆ ಅಕ್ಕ ಗಕ್ಕನೆ ನಿಂತು ಮೂಗು ಎತ್ತಿದಳು, ಇಲ್ಲೇ ಗೂಡು ಹಾಕವೆ ಎಂದಳು. ಮೊಟ್ಟೆಯಿಡುವ ಕಾಲದಲ್ಲಿ ಈ ಮೀನುಗಳು ದಡದ ತಿಳಿನೀರಿನಲ್ಲಿ ಬಾಲದಿಂದ ಕೆಸರು ಕೆದರಿ ತಟ್ಟೆಯಂಥ ಗುಂಡಿ ಮಾಡುತ್ತವೆ, ಅಲ್ಲಿಂದ ಕಲ್ಲಂಗಡಿ ಸಿಪ್ಪೆಯ ವಾಸನೆ ಏಳುತ್ತದೆ. ಅಕ್ಕನಿಗೆ ಅದು ಅವ್ವನಿಂದ ಬಂದ ಮೂಗು. ಲೂರೀನಳಿಗೆ ಹುಟ್ಟಿದಾಗಿನಿಂದ ಆ ವಾಸನೆ ಒಂದು ಸಲವೂ ಬಂದಿರಲಿಲ್ಲ, ಆದರೆ ಚಿಕ್ಕಂದಿನಲ್ಲೇ, ಹೌದೌದು ಬಂತು ಎಂದು ತಲೆಯಾಡಿಸಲು ಕಲಿತಿದ್ದಳು. ಈಗಲೂ ತಲೆಯಾಡಿಸಿದಳು. ಆ ಸೀಮೆಯವರಿಗೆ ಅಂಗೈಯಗಲದ ಈ ಮೀನುಗಳೆಲ್ಲ ಒಂದೇ, ಬ್ರಿಮ್. ಕಾವಲಿಗೆ ಅಳತೆ ಕೊಟ್ಟು ಮಾಡಿಸಿದಂತಿರುತ್ತವೆ, ಹುರಿದ ಮೇಲೆ ಯಾವುದಾದರೇನು. ಅಕ್ಕ ಮಾತ್ರ ಒಪ್ಪುತ್ತಿರಲಿಲ್ಲ. ಜನರನ್ನ ಹೆಸರು ಹಿಡಿದು ಕರೀತೀವಲ್ಲ, ಏ ಮನುಷ್ಯ ಅಂತೀವಾ ಎಂದು, ಕೆಸರಿನಲ್ಲಿ ಮಂಡಿಯೂರಿ, ಲೂರೀನಳ ಪುಟ್ಟ ಕೈಯನ್ನು ಮೊದಲು ನೀರಿಗದ್ದಿ, ಆ ಒದ್ದೆ ಕೈಯ ಮೇಲೆ ಮೀನನ್ನಿಟ್ಟು, ಕಿವಿರಿನ ಮೇಲಿನ ಚುಕ್ಕೆಯನ್ನು ತೋರಿಸಿ, ಇದು ಅದರ ಕಿವಿ, ಮೊದಲು ಕಿವಿ ನೋಡು ಎಂದು ಹೇಳಿಕೊಡುತ್ತಿದ್ದಳು. ಅವ್ವ ಬೇರೆಯವರ ಮನೆಯ ಬಟ್ಟೆ ಒಗೆಯಲು ಹೋಗುತ್ತಿದ್ದ ವರ್ಷಗಳವು, ಲೂರೀನಳಿಗೆ ತಲೆ ಬಾಚಿದ್ದು, ಜ್ವರಕ್ಕೆ ಔಷಧಿ ಕುಡಿಸಿದ್ದು ಎಲ್ಲ ಅಕ್ಕನೇ.

ಮೊದಲ ಮೀನು ಬಂದಾಗ ಲೂರೀನ್ ಅದನ್ನು ಅಕ್ಕನ ಮುಂದೆ ಹಿಡಿದು, ದಾದಿಯರು ಮಾತಾಡುವ ಸಿಹಿ ದನಿಯಲ್ಲಿ, ಇದು ಯಾವುದು ಹೇಳು ನೋಡೋಣ ಎಂದಳು. ಆ ದನಿ ಅವಳಿಗೇ ಹಿಡಿಸಲಿಲ್ಲ. ಅಕ್ಕ, ನಿನಗೇನು ಕಣ್ಣು ಹೋಗವಾ, ಬ್ಲೂಗಿಲ್ಲು, ಕಿವಿ ನೋಡು ಮಸಿ ಬಳಿದ ಹಾಗೈತೆ ಎಂದು ಗದರಿದಳು. ಎರಡನೆಯದು ಶೆಲ್‌ಕ್ರ್ಯಾಕರ್, ಬಸವನಹುಳುವಿನ ಚಿಪ್ಪು ಒಡೆದು ತಿನ್ನುವ ಮೀನು. ಅದನ್ನು ನೋಡಿ, ಕಿವಿಯ ಅಂಚಿಗೆ ಕೆಂಪು ಹಚ್ಚಿಕೊಂಡು ಕುಣಿಯೋಕೆ ಹೊರಟವಳೆ ನೋಡು ಎಂದು ಅಕ್ಕ ತಾನೇ ಹೇಳಿದಳು, ಇವಳು ಕೇಳುವ ತನಕ ಕಾಯಲಿಲ್ಲ. ಆಮೇಲೆ ಕಾಗದದಂಥ ತುಟಿಯ ಕ್ರಾಪಿ ಸಿಕ್ಕಿತು. ಅದರಲ್ಲಿ ಕರಿಯದು ಬಿಳಿಯದು ಎಂದು ಎರಡು ಬಗೆ, ಬಣ್ಣ ನಂಬಿದರೆ ಮೋಸ. ಅಕ್ಕ ಕಣ್ಣು ಮುಚ್ಚಿ ಬೆನ್ನಿನ ಮುಳ್ಳುಗಳನ್ನು ಹೆಬ್ಬೆರಳಿನಿಂದ ಎಣಿಸಿ, ಕರಿಯದು ಎಂದಳು. ಸರಿಯಾಗಿತ್ತು. ಲೂರೀನಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಒಂದೊಂದು ಹೆಸರು ಸರಿಯಾದಾಗಲೂ ಅವಳ ಕಣ್ಣ ಮುಂದೆ ಮನೆ ಬರುತ್ತಿತ್ತು. ಹಾಗಾದರೆ ನಾಳೆಯೂ ಹೀಗೆಯೇ. ಒಲೆಯ ಮೇಲೆ ಸೀದ ಪಾತ್ರೆ, ಒಳಲಂಗದಲ್ಲೇ ರಸ್ತೆಗೆ ಹೊರಟವಳ ಹಿಂದೆ ಓಡುವುದು, ಹಾಸಿಗೆ ಒಗೆಯುವುದು, ನೀನ್ಯಾವಳೇ, ನೀನ್ಯಾವಳೇ. ಕೈಗೆ ಬಂದ ಮೀನನ್ನು ನೀರಿಗೆ ಇಳಿಬಿಟ್ಟ ದಾರದ ಸರಕ್ಕೆ ಪೋಣಿಸುತ್ತ ಅವಳು, ಅಯ್ಯೋ ನಾನು ತಪ್ಪಲಿ ಅಂತ ಕಾಯ್ತಾ ಇದೀನಲ್ಲ ಎಂದುಕೊಂಡಳು, ಅಂದುಕೊಂಡದ್ದನ್ನು ತಕ್ಷಣ ಅಲ್ಲಗಳೆದಳು.

ಎದುರಿಗೆ, ನೀರಿನಾಚೆ, ಅಣೆಕಟ್ಟಿನ ಬೂದು ಗೋಡೆ. ಅದನ್ನು ಕಟ್ಟುವಾಗ ಎಲ್ಲೆಲ್ಲಿಂದಲೋ ಗಂಡಸರು ಬಂದು ಕೆಳಗಿನ ಬಯಲಿನಲ್ಲಿ ಹಲಗೆಯ ಬಿಡಾರ ಹಾಕಿದ್ದರು. ಇಮೋಜೀನಳ ಅಪ್ಪ ಅದಕ್ಕೂ ಮೊದಲೇ ಮರ ಕೊಯ್ಯುವ ಮಿಲ್ಲಿನಲ್ಲಿ ಸತ್ತಿದ್ದ. ಅವ್ವ ಬಿಡಾರದವರ ಬಟ್ಟೆ ಒಗೆಯುತ್ತಿದ್ದಳು. ಅವರಲ್ಲೊಬ್ಬ ಬಡಗಿ ಲೂರೀನಳ ಅಪ್ಪ. ಗೋಡೆ ಮುಗಿಯಿತು, ನೀರು ನಿಂತಿತು, ಅವನು ಇನ್ನೊಂದು ಅಣೆಕಟ್ಟಿಗೆ ಹೋದ. ಅಂಥ ಮಕ್ಕಳು ಊರಿನಲ್ಲಿ ಇನ್ನೂ ಕೆಲವರಿದ್ದರು, ಅವರಿಗೆಲ್ಲ ಒಂದೇ ಹೆಸರು, ಅಣೆಕಟ್ಟಿನ ಕೂಸು. ಶಾಲೆಯಲ್ಲಿ ಯಾವನೋ ಲೂರೀನಳನ್ನು ಹಾಗೆ ಕರೆದನೆಂದು ತಿಳಿದು, ಬೆಳೆದ ಹುಡುಗಿ ಇಮೋಜೀನ್ ಶಾಲೆಯ ಅಂಗಳಕ್ಕೇ ಬಂದು ಅವನ ತುಟಿ ಒಡೆದಿದ್ದಳು. ಮನೆಯಲ್ಲಿ ಆ ಮಾತು ಯಾವತ್ತೂ ಹುಟ್ಟಲಿಲ್ಲ. ಕೋಪದಲ್ಲಿ ಸಾವಿರ ಅಂದಿರಬಹುದು, ಇಷ್ಟು ವರ್ಷದಲ್ಲಿ ಅಕ್ಕ ಒಮ್ಮೆಯೂ ನಿನ್ನಪ್ಪ, ನಮ್ಮಪ್ಪ ಎಂದು ಬೇರೆ ಮಾಡಿ ಆಡಿದವಳಲ್ಲ. ಮರೆವು ಬಂದ ಮೇಲೂ ಆಡಿರಲಿಲ್ಲ. ಕಳ್ಳಿ ಎನ್ನಿಸಿಕೊಂಡು, ಮೇಡಂ ಎನ್ನಿಸಿಕೊಂಡು ಲೂರೀನ್ ತಡೆದುಕೊಂಡಿದ್ದು ಆ ಒಂದು ಆಸರೆಯ ಮೇಲೆ.

ಬೆಂಡು ಪಕ್ಕಕ್ಕೆ ವಾಲಿ ಮುಳುಗಿತು. ಎಳೆದರೆ ಭಾರವಾಗಿ ಬಂತು, ದಪ್ಪ ಮೀನು. ಲೂರೀನ್ ಒಮ್ಮೆ ಕಣ್ಣು ಹಾಯಿಸಿದಳು, ಕಿವಿ ಕಪ್ಪು, ಮತ್ತೊಂದು ಬ್ಲೂಗಿಲ್. ಇದನ್ನೂ ಹೇಳಿಬಿಡುತ್ತಾಳೆ, ಮುಗಿಯಿತು ಎಂದುಕೊಂಡು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಈ ಸಲ ಗದರಲಿಲ್ಲ. ಮೀನನ್ನು ಆಚೆ ಈಚೆ ಹೊರಳಿಸಿದಳು, ಅದರ ತುಟಿಯನ್ನು ಒತ್ತಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ಲೂರೀನಳ ಮುಖವನ್ನೂ ಅಷ್ಟೇ ಹೊತ್ತು ನೋಡಿದಳು.

"ಇದಕ್ಕೆ ಅಪ್ಪ ಬೇರೆ" ಎಂದಳು.

"ಏನಂದೆ?"

"ಅವ್ವ ಅದೇ. ಅಪ್ಪ ಬೇರೆ."

ಲೂರೀನಳ ಕೈಯಲ್ಲಿದ್ದ ಕೋಲು ನೀರಿಗೆ ಜಾರಿತು. ಅದನ್ನು ಎತ್ತಿಕೊಳ್ಳಲು ಬಾಗಿ, ಬಾಗಿದವಳು ಏಳದೆ ಹಾಗೆಯೇ ಇದ್ದು, "ಅಕ್ಕ, ನಾನು ಮೀನಿನ ಹೆಸರು ಕೇಳ್ತಾ ಇರೋದು" ಎಂದಳು.

"ನಾನೂ ಅದನ್ನೇ ಹೇಳ್ತಿರೋದು. ಇದಕ್ಕೆ ಹೆಸರಿಲ್ಲ ಕಣೆ. ಇದು ಹಿಂಗೇ ಹುಟ್ಟಿರೋದು."

ಹೇಳಿ ಅಕ್ಕ ಮೀನನ್ನು ಇವಳಿಗೆ ಚಾಚಿದಳು. ಮುಖದಲ್ಲಿ ಸಿಟ್ಟಿಲ್ಲ, ಕುಹಕವಿಲ್ಲ, ಇದ್ದದ್ದನ್ನು ಹೇಳಿದವಳ ಮುಖ. ಅದೇ ಲೂರೀನಳನ್ನು ಸುಟ್ಟಿತು. ಹಾಗಾದರೆ ಈ ಮಾತು ಅಕ್ಕನೊಳಗೇ ಇತ್ತು, ಇಷ್ಟು ವರ್ಷವೂ ಅಲ್ಲೇ ಇತ್ತು. ತಲೆ ಬಾಚುವಾಗ ಇತ್ತು, ತುಟಿ ಒಡೆದಾಗಲೂ ಇತ್ತು, ಬುದ್ಧಿ ಸವೆದು ಸವೆದು ಈಗ ತಳ ಕಂಡಾಗ ಮೇಲೆ ಬಂತು. ಮೀನು ಯಾವುದು ಎಂದರೆ ನನ್ನನ್ನು ತೋರಿಸುತ್ತಾಳೆ. ಅವಮಾನವಾಯಿತು, ಅದರ ಹಿಂದೆಯೇ ಇನ್ನೊಂದು, ಅವಮಾನಕ್ಕಿಂತ ಹಗುರವಾದದ್ದು ಮೆಲ್ಲಗೆ ಬಂತು. ತಪ್ಪಿದಳು. ಮೀನೂ ಹೋಯಿತು. ಅವಳು ಆ ಮೀನನ್ನು ಸರಕ್ಕೆ ಸೇರಿಸಿ, ಬಕೆಟ್ಟು ಎತ್ತಿ, ಬಿಸಿಲಾಯಿತು ನಡಿ ಎಂದಳು. ಬಿಸಿಲು ಅಷ್ಟೇನೂ ಆಗಿರಲಿಲ್ಲ.

ಮನೆಗೆ ಹೋಗಿ ಫೋನು ಮಾಡಬಹುದಿತ್ತು. ಆದರೆ ಮನೆಯಲ್ಲಿ ಅಕ್ಕನ ಚಪ್ಪಲಿ ಇದೆ, ಕುರ್ಚಿ ಇದೆ, ಅವುಗಳ ಮುಂದೆ ಬಾಯಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಕ್ಕನನ್ನು ಗಾಡಿಯಲ್ಲಿ ಕೂರಿಸಿ ಹಾಯ್ಟನ ಅಂಗಡಿಯ ಗೋಡೆಗೆ ಹಾಕಿದ್ದ ಫೋನಿನಿಂದಲೇ ಮಾತಾಡಿದಳು. ಹೌದು, ಕೋಣೆ ನಮಗಿರಲಿ. ಹೌದು, ನಾಳೆ ಕರೆತರುತ್ತೇನೆ. ಇಲ್ಲ, ಯಾರನ್ನೂ ಗುರುತು ಹಿಡಿಯುವುದಿಲ್ಲ, ಈಗ ಏನನ್ನೂ ಗುರುತು ಹಿಡಿಯುವುದಿಲ್ಲ. ಮಿಸೆಸ್ ಗೇನ್ಸ್ ಒಳ್ಳೆಯ ಮಾತಾಡಿದಳು, ಸಂಜೆಯ ತನಕ ಇಲ್ಲೇ ಇರುತ್ತೇನೆ, ಏನಾದರೂ ಇದ್ದರೆ ಕೇಳಿ ಎಂದಳು. ಹಾಯ್ಟ್ ಬೆನ್ನು ತಿರುಗಿಸಿಕೊಂಡು, ಆಗಲೇ ಜೋಡಿಸಿದ್ದ ಡಬ್ಬಿಗಳನ್ನು ಮತ್ತೆ ಜೋಡಿಸುತ್ತಿದ್ದ. ಇವಳು ಹೊರಡುವಾಗ, ನೀವೂ ಎಷ್ಟೂಂತ ಮಾಡ್ತೀರಿ ಮಿಸ್ ಲೂರೀನ್ ಎಂದ. ಯಾರಾದರೂ ಈ ಮಾತು ಹೇಳಲಿ ಎಂದು ಅವಳು ಎಷ್ಟು ದಿನದಿಂದ ಕಾದಿದ್ದಳೋ. ಕೇಳಿದ ಮೇಲೆ ಅದರಿಂದ ಏನೂ ಆಗಲಿಲ್ಲ.

ಹಿತ್ತಲ ಮೆಟ್ಟಿಲ ಬಳಿಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಚಮಚದಿಂದ ಬಾಲದ ಕಡೆಯಿಂದ ತಲೆಯ ಕಡೆಗೆ ಹುರುಪೆ ಕೆರೆಯುತ್ತ ಕೂತಳು. ಒಳಗೆ ಅಕ್ಕ ಏನೋ ಗುನುಗುತ್ತಿದ್ದುದು ಕೇಳಿಸುತ್ತಿತ್ತು. ಬ್ಲೂಗಿಲ್ ಆಯಿತು, ಶೆಲ್‌ಕ್ರ್ಯಾಕರ್ ಆಯಿತು, ಕ್ರಾಪಿ ಆಯಿತು, ಕೊನೆಗೆ ಆ ದಪ್ಪದ್ದು. ಜಾರುತ್ತಿದೆಯೆಂದು ತಲೆಯನ್ನು ಬಿಗಿಯಾಗಿ ಹಿಡಿಯಲು ಹೋದಾಗ ಅವಳ ಹೆಬ್ಬೆರಳು ಅದರ ಬಾಯೊಳಗೆ ಹೋಯಿತು. ಸಲೀಸಾಗಿ ಹೋಯಿತು. ಬ್ಲೂಗಿಲ್ ಬಾಯಿಗೆ ಕಿರುಬೆರಳಿನ ತುದಿಯೂ ಹಿಡಿಸುವುದಿಲ್ಲ. ಅವಳು ಚಮಚ ಕೆಳಗಿಟ್ಟು, ಮೀನನ್ನು ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿದಳು. ಬಾಯಿ ಕಣ್ಣಿನ ಕೆಳಗಿನ ತನಕ ಸೀಳಿತ್ತು. ಕೆನ್ನೆಯ ಮೇಲೆ ನೀಲಿ ಗೀರುಗಳು, ರೆಕ್ಕೆಯ ಅಂಚಿಗೆ ಹಳದಿ, ಕಿವಿಯ ಕಪ್ಪಿನ ಸುತ್ತ ಮಾಸಲು ಗೆರೆ. ಇವೆಲ್ಲ ಹಸಿರು ಸನ್‌ಫಿಶ್ಶಿನವು, ದೊಡ್ಡ ಬಾಯಿಯ ಇನ್ನೊಂದು ಜಾತಿಯವು. ಮೈ ಮಾತ್ರ ಬ್ಲೂಗಿಲ್ಲಿನದು, ಬೆನ್ನಿನ ರೆಕ್ಕೆಯ ಬುಡದ ಕಪ್ಪು ಮಚ್ಚೆಯೂ ಅದರದೇ. ಬ್ಲೂಗಿಲ್ ಹಾಕಿದ ಮೊಟ್ಟೆಗೆ ಪಕ್ಕದ ಗೂಡಿನಿಂದ ಆ ಇನ್ನೊಂದು ಜಾತಿಯ ಗಂಡು ನುಗ್ಗಿ ಆಗುವಂಥ ಬೆರಕೆ ಮೀನು. ಊರಿನಲ್ಲಿ ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ. ಅಪ್ಪ ಬೇರೆ. ಅಕ್ಕ ಮೀನನ್ನು ನೋಡಿ ಮೀನಿನ ಮಾತನ್ನೇ ಆಡಿದ್ದಳು. ಕಿವಿ ನೋಡಿ ಸುಮ್ಮನಾದವಳು ತಾನು, ತನ್ನ ಹುಟ್ಟನ್ನು ತಂದು ಆ ಮೀನಿಗೆ ಅಂಟಿಸಿದವಳೂ ತಾನು.

ಫೋನು ಒಳಗೆ, ಅಡುಗೆಮನೆಯ ಗೋಡೆಯ ಮೇಲಿತ್ತು. ಸಂಜೆಯಾಗಲು ಇನ್ನೂ ಬಹಳ ಹೊತ್ತಿತ್ತು. ಕರಾರು ಕರಾರೇ, ಎಲ್ಲ ಮೀನನ್ನೂ ಅಕ್ಕ ಗುರುತು ಹಿಡಿದಿದ್ದಾಳೆ, ತನಗಿಂತ ಚೆನ್ನಾಗಿ ಹಿಡಿದಿದ್ದಾಳೆ. ಎದ್ದು ನಾಲ್ಕು ಹೆಜ್ಜೆ ಹೋಗಿ ಒಂದು ಮಾತು ಹೇಳಿದರೆ ಸಾಕು. ಲೂರೀನ್ ತನ್ನ ಕಾಲುಗಳು ಏಳುತ್ತವೆಯೇ ಎಂದು ಕಾದಳು, ಬೇರೆಯವರ ಕಾಲಿಗೆ ಕಾಯುವ ಹಾಗೆ. ಅವು ಏಳಲಿಲ್ಲ. ಅವಳಿಗೆ ತನ್ನ ಬಗ್ಗೆ ಆಶ್ಚರ್ಯವೇನೂ ಆಗಲಿಲ್ಲ, ಭಯವಾಯಿತು. ಕೋಣೆ ಬೇಕಾದದ್ದು ಅಕ್ಕ ತಪ್ಪಿದ್ದಕ್ಕಲ್ಲ. ಬೇಕಾಗಿತ್ತು, ಅಷ್ಟೆ. ತಪ್ಪಿದ್ದರೆ ಒಳ್ಳೆಯದಿತ್ತು. ಅವಳು ಚೂರಿ ತೆಗೆದುಕೊಂಡು ಮೀನಿನ ತಲೆಯನ್ನು ಕಿವಿಯ ಹಿಂದಕ್ಕೆ ಕತ್ತರಿಸಿ, ಉಳಿದ ತಲೆಗಳ ಜೊತೆ ಬಕೆಟ್ಟಿಗೆ ಹಾಕಿದಳು. ತಲೆ ಹೋದ ಮೇಲೆ ಎಲ್ಲ ಮೀನುಗಳೂ ಒಂದೇ ಥರ ಕಂಡವು.

ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕಾವಲಿಯಲ್ಲಿ ಹುರಿದಳು. ಅಕ್ಕ ಕೈತೊಳೆದು ತಾನೇ ಬಂದು ಕೂತಳು, ಬ್ರೆಡ್ಡಿನ ಚೂರುಗಳನ್ನು ತಾನೇ ತಟ್ಟೆಗೆ ಹಾಕಿಕೊಂಡಳು, ಅವತ್ತು ಅವಳಿಗೆ ಒಳ್ಳೆಯ ದಿನ. ಲೂರೀನ್ ತುತ್ತನ್ನು ಬಾಯಿಗಿಟ್ಟಾಗ ಅಕ್ಕ ತಿನ್ನುವುದನ್ನು ನಿಲ್ಲಿಸಿ ಇವಳನ್ನೇ ನೋಡುತ್ತಿದ್ದಳು.

"ನಾನು ಎಲ್ಲಾನೂ ಸರಿ ಹೇಳಿದ್ನಾ?"

"ಏನನ್ನ?"

"ಮೀನುಗಳ್ನ. ಬೆಳಿಗ್ಗೆಯಿಂದ ಒಂದೇ ಸಮ ಕೇಳ್ತಿದ್ದೆಯಲ್ಲ. ಏನೋ ಐತೆ ಅಂದ್ಕೊಂಡು ಹುಷಾರಾಗಿ ನೋಡಿ ನೋಡಿ ಹೇಳಿದೆ."

ಲೂರೀನ್ ಬಾಯಲ್ಲಿದ್ದುದನ್ನು ನುಂಗಿದಳು. "ಒಂದು ತಪ್ಪಾಯ್ತಕ್ಕ" ಎಂದಳು.

"ಯಾವುದು?"

"ಕೊನೇದು. ಅದು ಬ್ಲೂಗಿಲ್ಲು."

ಅಕ್ಕ ಬೆರಳನ್ನು ತಟ್ಟೆಯ ಅಂಚಿನ ಮೇಲಿಟ್ಟು ಯೋಚಿಸಿದಳು. ಅವಳ ಹೆಬ್ಬೆರಳು ಒಮ್ಮೆ, ತುಟಿಯೊಂದನ್ನು ಒತ್ತುವ ಹಾಗೆ, ಗಾಳಿಯಲ್ಲಿ ಆಡಿತು. ಆಮೇಲೆ ಅದನ್ನೂ ಕೆಳಗಿಟ್ಟಳು.

"ನೀನು ಹೇಳಿದ್ಮೇಲೆ ಸರಿ ಬಿಡು, ಲೂರೀನ್" ಎಂದಳು. "ನಿನಗೆ ಕಲಿಸಿದ್ದು ನಾನೇ ಅಲ್ವಾ."

ಮತ್ತೆ ತಟ್ಟೆಯ ಮೇಲೆ ಬಾಗಿ, ನಿಧಾನವಾಗಿ, ಒಂದೊಂದೇ ಮುಳ್ಳನ್ನು ತೆಗೆದು ಪಕ್ಕಕ್ಕಿಡತೊಡಗಿದಳು.